ಕೊಲೆಯಿಲ್ಲದ ಪತ್ತೇದಾರಿ, ಕೊಲೆ ಕಂಡ ಊರು

ಹೋದ ತಿಂಗಳು ನಮ್ಮ ಓದುವ ಬಳಗದಲ್ಲಿ ಸಣ್ಣದೊಂದು ಜಗಳವೇ ಆಗಿಹೋಯಿತು. ನಾವು ಆರು ಜನ. ತಿಂಗಳ ಕೊನೆಯ ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಎಲ್ಲರೂ ಓದಿಕೊಂಡು ಬಂದ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಪುಸ್ತಕ ಆರಿಸುವ ಸರದಿ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ, ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಅಕ್ಕನದ್ದು. “ಮೂರು ತಿಂಗಳಿಂದ ಬರೀ ಬರಗಾಲ, ಯುದ್ಧ, ಆತ್ಮಹತ್ಯೆ ಓದಿಸಿದ್ದೀರಿ. ಈ ಸಲ ನಾನು ಹೇಳಿದ್ದು ಓದಿ” ಎಂದು ಅವರು ಕೊಟ್ಟದ್ದು ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಬರೆದ ‘ದ ನಂ. 1 ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ’.

ಇಂಗ್ಲಿಷಿನಲ್ಲಿ ಇಂಥ ಪುಸ್ತಕಗಳಿಗೆ ‘ಕೋಜಿ ಮಿಸ್ಟರಿ’ ಎನ್ನುತ್ತಾರೆ. ಮಳೆಗಾಲದಲ್ಲಿ ಕಂಬಳಿ ಹೊದ್ದು ಓದುವಂಥ ಬೆಚ್ಚನೆಯ ಪತ್ತೇದಾರಿ. ರಕ್ತ ಕಣ್ಣೆದುರು ಹರಿಯುವುದಿಲ್ಲ. ಪತ್ತೆ ಮಾಡುವವರು ಪೊಲೀಸರಲ್ಲ, ಊರಿನ ಯಾರೋ ಒಬ್ಬರು. ಸುತ್ತ ಒಂದಿಷ್ಟು ವಿಚಿತ್ರ ಸ್ವಭಾವದ, ಆದರೆ ಒಳ್ಳೆಯ ಜನ. ನಡುವೆ ನಿಧಾನಕ್ಕೆ ಬೆಳೆಯುವ ಒಂದು ಪ್ರೀತಿ. ಕೊನೆಗೆ ಎಲ್ಲವೂ ಸರಿಹೋಗುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಲೈಬ್ರರಿಯಿಂದ ತಂದು ರಾತ್ರಿ ಮುಗಿಸಿ ಬೆಳಿಗ್ಗೆ ವಾಪಸು ಕೊಡುತ್ತಿದ್ದ ತಲೆಮಾರಿನವರಿಗೆ ಇದು ಪತ್ತೇದಾರಿ ಅನ್ನಿಸುವುದೇ ಕಷ್ಟ. ನಮ್ಮ ಬಳಗದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಮೊದಲು ಹೇಳಿದ್ದೂ ಅದನ್ನೇ: “ಇದರಲ್ಲಿ ಏನೂ ನಡೆಯುವುದೇ ಇಲ್ಲವಲ್ರೀ. ಅರ್ಧ ಪುಸ್ತಕ ಟೀ ಕುಡಿಯುವುದರಲ್ಲೇ ಮುಗಿಯುತ್ತದೆ.”

ಇಂಗ್ಲಿಷ್ ಪಾಠ ಮಾಡುವ ಗೆಳೆಯರು ಭಾಷೆ ಸೊಗಸಾಗಿದೆ, ಆದರೆ ತೀರಾ ಸಿಹಿ ಎಂದರು. ಇನ್ನೊಬ್ಬರಿಗೆ ಪಾತ್ರಗಳೆಲ್ಲ ಇಷ್ಟವಾಗಿದ್ದವು. ಐಟಿ ಕಂಪನಿಯಲ್ಲಿ ಕೆಲಸ ಮಾಡುವ ನಮ್ಮ ಬಳಗದ ಕಿರಿಯ ಹುಡುಗಿ ಮಾತ್ರ ಕೊನೆಯವರೆಗೂ ಸುಮ್ಮನಿದ್ದು, “ನನಗೆ ಈ ಪುಸ್ತಕ ಓದುತ್ತಾ ಸಿಟ್ಟು ಬಂತು” ಎಂದಳು. ಜಗಳ ಶುರುವಾದದ್ದು ಅಲ್ಲಿಂದ. ಅವಳ ಸಿಟ್ಟಿಗೂ ಅಕ್ಕ ಕೊಟ್ಟ ಉತ್ತರಕ್ಕೂ ಆಮೇಲೆ ಬರುತ್ತೇನೆ. ಮೊದಲು ಪುಸ್ತಕ.

1998ರಲ್ಲಿ ಎಡಿನ್‌ಬರೋದ ಪಾಲಿಗಾನ್ ಎಂಬ ಸಣ್ಣ ಪ್ರಕಾಶನ ಇದನ್ನು ಪ್ರಕಟಿಸಿತು. ಲೇಖಕ ಹುಟ್ಟಿದ್ದು ಈಗಿನ ಜಿಂಬಾಬ್ವೆಯಲ್ಲಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಕಾನೂನಿನ ಪ್ರಾಧ್ಯಾಪಕರಾಗಿದ್ದವರು, ಕೆಲಕಾಲ ಬೋಟ್ಸ್ವಾನಾದ ವಿಶ್ವವಿದ್ಯಾಲಯದಲ್ಲಿ ಕಾನೂನು ಶಿಕ್ಷಣ ಕಟ್ಟುವುದಕ್ಕೆ ನೆರವಾದವರು. ಕಥಾನಾಯಕಿ ಪ್ರೆಷಸ್ ರಾಮೋತ್ಸ್ವೆ. ಅಲ್ಲಿನ ಸೆಟ್ಸ್ವಾನಾ ಭಾಷೆಯಲ್ಲಿ ಹೆಂಗಸರನ್ನು ಗೌರವದಿಂದ ‘ಮ್ಮಾ’ ಎಂದೂ ಗಂಡಸರನ್ನು ‘ರ್ರಾ’ ಎಂದೂ ಕರೆಯುತ್ತಾರೆ. ಹಾಗಾಗಿ ಪುಸ್ತಕದುದ್ದಕ್ಕೂ ಅವಳು ಮ್ಮಾ ರಾಮೋತ್ಸ್ವೆ. ನಮ್ಮ ಕಿವಿಗೆ ಆ ‘ಮ್ಮಾ’ ಬಹಳ ಹತ್ತಿರದ್ದಾಗಿ ಕೇಳಿಸುತ್ತದೆ.

ಮ್ಮಾ ರಾಮೋತ್ಸ್ವೆಯ ಅಪ್ಪ ಓಬೆಡ್ ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ದುಡಿದು, ಆ ಧೂಳಿನಿಂದಲೇ ಶ್ವಾಸಕೋಶ ಕೆಟ್ಟು ಸತ್ತವನು. ಮಗಳಿಗೆ ಬಿಟ್ಟುಹೋದದ್ದು ದನಗಳ ದೊಡ್ಡ ಮಂದೆ. ಸಾಯುವ ಮೊದಲು, ದನ ಮಾರಿ ಏನಾದರೂ ಅಂಗಡಿ ಇಟ್ಟುಕೋ ಎಂದು ಅವನು ಹೇಳಿದರೆ, ಅವಳು ಪತ್ತೇದಾರಿ ಕಚೇರಿ ತೆರೆಯುತ್ತೇನೆ ಎನ್ನುತ್ತಾಳೆ. ಅವನು ಕಣ್ಣು ಅಗಲಿಸಿ ಏನೋ ಹೇಳಲು ಹೊರಟವನು ಮಾತು ಮುಗಿಸುವ ಮೊದಲೇ ಪ್ರಾಣ ಬಿಡುತ್ತಾನೆ. ನಗಬೇಕೋ ಅಳಬೇಕೋ ತಿಳಿಯದ ದೃಶ್ಯ ಅದು. ರಾಜಧಾನಿ ಗ್ಯಾಬೊರೋನ್‌ನ ಅಂಚಿನಲ್ಲಿ, ಬೆಟ್ಟದ ಬುಡದಲ್ಲಿ ಅವಳ ಕಚೇರಿ ಶುರುವಾಗುತ್ತದೆ. ಒಂದು ಪುಟ್ಟ ಬಿಳಿ ವ್ಯಾನು, ಎರಡು ಮೇಜು, ಹಳೆಯ ಟೈಪ್‌ರೈಟರ್, ಒಂದು ಟೀ ಪಾಟು. ಬಂಡವಾಳ ಅಷ್ಟೆ.

ಬ್ಯಾಂಕ್ ಮ್ಯಾನೇಜರ್ ಹೇಳಿದ ‘ಏನೂ ನಡೆಯುವುದಿಲ್ಲ’ ಎಂಬ ಮಾತು ಅರ್ಧ ನಿಜ. ಪತ್ತೆ ಹಚ್ಚುವ ಕೆಲಸ ಇಲ್ಲಿ ಬೇಗ ಮುಗಿಯುತ್ತದೆ. ಒಂಟಿಯಾಗಿ ಬದುಕುವ ಹೆಂಗಸೊಬ್ಬಳ ಮನೆಗೆ ಎಷ್ಟೋ ವರ್ಷಗಳ ಮೇಲೆ ‘ನಾನು ನಿನ್ನ ಅಪ್ಪ’ ಎಂದು ಒಬ್ಬ ಬಂದು ಠಿಕಾಣಿ ಹೂಡುತ್ತಾನೆ. ಕೂತು ತಿನ್ನುತ್ತಾನೆ. ಅವಳಿಗೆ ಅನುಮಾನ. ಮ್ಮಾ ರಾಮೋತ್ಸ್ವೆ ನರ್ಸ್ ವೇಷದಲ್ಲಿ ಹೋಗಿ, ಮಗಳಿಗೆ ಅಪಘಾತವಾಗಿದೆ, ಅಪ್ಪನ ರಕ್ತವೇ ಬೇಕು, ಬಹಳ ಬೇಕು, ಕೊಟ್ಟವನ ಜೀವಕ್ಕೂ ಅಪಾಯ ಎನ್ನುತ್ತಾಳೆ. ಆ ಮನುಷ್ಯ ತಾನು ಅಪ್ಪನೇ ಅಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಕೆಲವೇ ಪುಟಗಳ ಕತೆ. ಓದಿ ನಕ್ಕುಬಿಡಬಹುದು. ಆದರೆ ಒಂದು ಕ್ಷಣ ನಿಂತರೆ, ಆ ಹೆಂಗಸು ಅಪ್ಪನನ್ನು ಎರಡನೇ ಸಲ ಕಳೆದುಕೊಂಡಳು ಎನ್ನುವುದು ಹೊಳೆಯುತ್ತದೆ. ಸತ್ಯ ಸಿಕ್ಕಿತು, ಮನೆ ಮತ್ತೆ ಖಾಲಿಯಾಯಿತು.

ಎರಡನೇ ಪುಸ್ತಕ ‘ಟಿಯರ್ಸ್ ಆಫ್ ದ ಜಿರಾಫ್’ ಬಂದದ್ದು 2000ದಲ್ಲಿ. ಅದರಲ್ಲಿ ಇದು ಇನ್ನೂ ಸ್ಪಷ್ಟ. ತನ್ನ ಹೆಂಡತಿ ಎಲ್ಲಿ ಹೋಗುತ್ತಾಳೆ ಎಂದು ತಿಳಿಯಬೇಕು ಅಂತ ಒಬ್ಬ ಮಾಂಸದಂಗಡಿಯವನು ಬರುತ್ತಾನೆ. ಅವಳಿಗೊಬ್ಬ ಶ್ರೀಮಂತ ಗೆಳೆಯ ಇದ್ದಾನೆ. ಮಗ ಅವನದ್ದೇ. ಮಗನ ಒಳ್ಳೆಯ ಶಾಲೆಯ ಫೀಸು ಕಟ್ಟುತ್ತಿರುವವನೂ ಅವನೇ. ಇದನ್ನು ಕಂಡುಹಿಡಿಯುವುದು ಸುಲಭ. ಈ ಬಡಪಾಯಿ ಗಂಡನಿಗೆ ಏನು ಹೇಳಬೇಕು, ಹೇಳಿದರೆ ಆ ಹುಡುಗನ ಗತಿ ಏನು ಎನ್ನುವುದು ಕಷ್ಟ. ಸಹಾಯಕಿ ಮ್ಮಾ ಮಕೂಟ್ಸಿ ಪೂರ್ತಿ ಸತ್ಯ ಹೇಳುವುದಿಲ್ಲ. ಹೇಳದೇ ಇದ್ದದ್ದು ಸರಿಯೇ ಎನ್ನುವುದು ಲೇಖಕರಿಗೂ ಪೂರ್ತಿ ಖಚಿತವಿದ್ದಂತಿಲ್ಲ.

ನನ್ನ ಮಟ್ಟಿಗೆ ಈ ಸರಣಿಯ ನಿಜವಾದ ಬಂಡವಾಳ ಇದು. ಸಾಮಾನ್ಯ ಪತ್ತೇದಾರಿ ಕಾದಂಬರಿಯಲ್ಲಿ ‘ಮಾಡಿದವರು ಯಾರು’ ಎಂಬುದಕ್ಕೆ ಉತ್ತರ ಸಿಕ್ಕಿದ ಮೇಲೆ ಪುಸ್ತಕ ಮುಚ್ಚುತ್ತೇವೆ. ಇಲ್ಲಿ ಉತ್ತರ ಸಿಕ್ಕಿದ ಮೇಲೆ ಕೆಲಸ ಶುರು. ಗೊತ್ತಾದದ್ದನ್ನು ಯಾರಿಗೆ, ಎಷ್ಟು, ಹೇಗೆ ಹೇಳಬೇಕು? ಸಣ್ಣ ಊರಿನಲ್ಲಿ ಬಾಳಿದವರಿಗೆಲ್ಲ ಇದು ಗೊತ್ತು. ಯಾರ ಮನೆಯಲ್ಲಿ ಏನು ನಡೆದಿದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ನಾಳೆ ಅದೇ ಬೀದಿಯಲ್ಲಿ ಎದುರಾಬದುರಾದಾಗ ‘ಊಟ ಆಯ್ತಾ’ ಎಂದು ಕೇಳಬೇಕಾಗುತ್ತದೆ. ಅರ್ಧ ಪುಸ್ತಕ ಟೀ ಕುಡಿಯುತ್ತಾರೆ ಎಂದರಲ್ಲ, ಈ ಲೆಕ್ಕಾಚಾರವೆಲ್ಲ ನಡೆಯುವುದು ಆ ಟೀ ಹೊತ್ತಿನಲ್ಲೇ.

ಪ್ರೇಮದ ಕತೆಯೂ ಇದೇ ನೀರಿನಲ್ಲಿ ಬೆಳೆದದ್ದು. ಜೆ.ಎಲ್.ಬಿ. ಮಾಟೆಕೋನಿ ಗ್ಯಾರೇಜು ಇಟ್ಟುಕೊಂಡ ಮೆಕ್ಯಾನಿಕ್. ಮದುವೆ ಆಗೋಣವೇ ಎಂದು ಅವನು ಕೇಳಿದಾಗ ಅವಳು ಆಗುವುದಿಲ್ಲ ಎನ್ನುತ್ತಾಳೆ. ಕಾರಣವಿದೆ. ನೋಟ್ ಮೊಕೋಟಿ ಎಂಬ ಟ್ರಂಪೆಟ್ ವಾದಕನನ್ನು ಮೋಹಿಸಿ ಮದುವೆಯಾಗಿ, ಅವನಿಂದ ಹೊಡೆತ ತಿಂದವಳು ಅವಳು. ಅವನು ಬಿಟ್ಟುಹೋದ ಮೇಲೆ ಹುಟ್ಟಿದ ಮಗು ಐದೇ ದಿನ ಬದುಕಿತ್ತು. ಮಾಟೆಕೋನಿ ಆ ‘ಇಲ್ಲ’ವನ್ನು ಹಾಗೇ ಒಪ್ಪಿಕೊಂಡು, ಮುನಿಸಿಲ್ಲದೆ ಅವಳ ವ್ಯಾನು ರಿಪೇರಿ ಮಾಡಿಕೊಡುತ್ತಾ ಇರುತ್ತಾನೆ. ಪುಸ್ತಕದ ಕೊನೆಯಲ್ಲಿ ಮತ್ತೆ ಕೇಳಿದಾಗ ಅವಳು ಹ್ಞೂಂ ಎನ್ನುತ್ತಾಳೆ. ಆ ಮದುವೆ ನಡೆಯುವುದು 2003ರಲ್ಲಿ ಬಂದ ಐದನೇ ಪುಸ್ತಕದ ಕೊನೆಗೆ! ಮದುವೆಯಾದ ಮೇಲೂ ಅವಳ ಬಾಯಲ್ಲಿ ಅವನು ‘ಮಿಸ್ಟರ್ ಜೆ.ಎಲ್.ಬಿ. ಮಾಟೆಕೋನಿ’ಯೇ. ಇಂಗ್ಲಿಷ್ ಓದುಗರಿಗೆ ಇದು ತಮಾಷೆಯಾಗಿ ಕಂಡಿದೆ. ‘ಏನೂಂದ್ರೆ’, ‘ನಮ್ಮನೆಯವರು’ ಎಂದೇ ಬದುಕು ಸಾಗಿಸಿದ ಅಜ್ಜಿಯಂದಿರನ್ನು ನೋಡಿದ ನಮಗೆ ಅದರಲ್ಲಿ ತಮಾಷೆಗಿಂತ ಹೆಚ್ಚಿನದು ಕಾಣುತ್ತದೆ. ಒಮ್ಮೆ ಪೆಟ್ಟು ತಿಂದವಳಿಗೆ ಆ ಗೌರವದ ಅಂತರವೇ ಭದ್ರತೆ. ಅವನು ಅದನ್ನು ಕೇಳದೆಯೇ ಅರ್ಥ ಮಾಡಿಕೊಂಡವನು.

ಇನ್ನು ವಿಚಿತ್ರ ಸ್ವಭಾವದವರು. ಮ್ಮಾ ಮಕೂಟ್ಸಿ ಸೆಕ್ರೆಟೇರಿಯಲ್ ಕಾಲೇಜಿನ ಕೊನೆಯ ಪರೀಕ್ಷೆಯಲ್ಲಿ ಶೇಕಡ 97 ಅಂಕ ತೆಗೆದವಳು. ಅದನ್ನು ಮರೆಯುವುದಿಲ್ಲ, ಯಾರಿಗೂ ಮರೆಯಲು ಬಿಡುವುದಿಲ್ಲ. ಮುಂದಿನ ಪುಸ್ತಕಗಳಲ್ಲಿ ಅವಳ ಬೂಟುಗಳು ಅವಳೊಡನೆ ಮಾತಾಡುತ್ತವೆ. ಅನಾಥಾಲಯದ ಮ್ಮಾ ಪೊಟೊಕ್ವಾನಿ ಯಾರಿಗಾದರೂ ಕೇಕ್ ಕೊಟ್ಟಳೆಂದರೆ ಅವರಿಂದ ಏನೋ ಕೆಲಸ ಆಗಬೇಕಿದೆ ಎಂದೇ ಅರ್ಥ. ಇಂಥ ಪಾತ್ರಗಳು ಒಂದು ಚಾಳಿಗೆ ಇಳಿದು ಒಣಗಿಹೋಗುವ ಅಪಾಯ ಯಾವಾಗಲೂ ಇರುತ್ತದೆ. ಸರಣಿ ಉದ್ದವಾದಂತೆ ಇಲ್ಲೂ ಆಗಿದೆ: ಹತ್ತನೇ ಸಲ 97 ಬಂದಾಗ ನಗು ಬರುವುದಿಲ್ಲ. ಆದರೆ ಮೊದಲ ಪುಸ್ತಕಗಳಲ್ಲಿ ಆ ಅಂಕದ ಹಿಂದೆ ಒಂದು ಕಹಿ ಇದೆ. ಅವಳಿಗಿಂತ ಅರ್ಧ ಅಂಕ ತೆಗೆದ ಚೆಲುವೆಯರಿಗೆ ಒಳ್ಳೆಯ ಕೆಲಸ ಸಿಕ್ಕಿತು. ದಪ್ಪ ಕನ್ನಡಕದ, ದೂರದ ಹಳ್ಳಿಯ ಈ ಹುಡುಗಿಗೆ ಸಿಗಲಿಲ್ಲ. ಅಂಕವೊಂದೇ ಅವಳ ಆಸ್ತಿ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟುಕೊಂಡ ಎಷ್ಟು ಜನರನ್ನು ಕಂಡಿಲ್ಲ?

ಒಂದು ಕಡೆ ಮಾತ್ರ ನಮ್ಮ ಬಳಗವೆಲ್ಲ ಒಟ್ಟಿಗೆ ಮುಜುಗರಪಟ್ಟಿತು. ಮೊದಲ ಪುಸ್ತಕದಲ್ಲಿ ಪಟೇಲ್ ಎಂಬ ಭಾರತೀಯ ಮೂಲದ ಶ್ರೀಮಂತ ವ್ಯಾಪಾರಿ ಬರುತ್ತಾನೆ. ಹದಿಹರೆಯದ ಮಗಳಿಗೆ ಯಾರೋ ಹುಡುಗನ ಸಹವಾಸ ಇದೆಯೆಂಬ ಅನುಮಾನ. ಅವಳನ್ನು ಹಿಂಬಾಲಿಸಿ ಎಂದು ಹಣ ಕೊಡುತ್ತಾನೆ. ಹುಡುಗನೇ ಇಲ್ಲ, ಮನೆಯವರ ಕಾವಲು ತಾಳಲಾರದೆ ಮಗಳೇ ಹುಟ್ಟಿಸಿದ ಹೆಸರು ಅದು ಎಂದು ಕೊನೆಗೆ ತಿಳಿಯುತ್ತದೆ. ಕತೆ ಚೆನ್ನಾಗಿದೆ, ನಮ್ಮ ಮನೆಗಳ ಬಗ್ಗೆ ಹೇಳಿದ್ದು ಸುಳ್ಳೂ ಅಲ್ಲ. ಆದರೂ ಪಟೇಲ್ ಒಂದು ಗೊಂಬೆ. ಎಂದಿನಿಂದಲೋ ಗೊತ್ತಿರುವ ‘ಭಾರತೀಯ ಅಪ್ಪ’. “ನಮ್ಮವನು ಬಂದಾಗ ಗೊಂಬೆ ಅನ್ನಿಸಿತು. ಹಾಗಾದರೆ ಇಷ್ಟು ಹೊತ್ತು ನಾವು ನಕ್ಕ ಬೋಟ್ಸ್ವಾನಾದವರು ಅಲ್ಲಿನವರಿಗೆ ಹೇಗೆ ಕಂಡಿರಬಹುದು?” ಎಂದು ಇಂಗ್ಲಿಷ್ ಪಾಠದ ಗೆಳೆಯರು ಕೇಳಿದರು. ಕಿರಿಯವಳ ಸಿಟ್ಟು ಹೊರಗೆ ಬಂದದ್ದು ಆ ಪ್ರಶ್ನೆಯ ಬೆನ್ನಿಗೇ.

ಮೊದಲ ಪುಸ್ತಕದ ನಡುವೆ ಒಂದು ಕತ್ತಲಿನ ಎಳೆ ಇದೆ. ಶಾಲಾ ಮಾಸ್ತರೊಬ್ಬರ ಹನ್ನೊಂದು ವರ್ಷದ ಮಗ ಕಾಣೆಯಾಗಿದ್ದಾನೆ. ಮಾಟ ಮದ್ದಿಗಾಗಿ ಮಕ್ಕಳನ್ನು ಕೊಲ್ಲುವ ‘ಮುಟಿ’ಯ ಭಯ ಎಲ್ಲರ ಮನಸ್ಸಿನಲ್ಲಿದೆ. ಊರಿನ ಪ್ರಭಾವಿ ಮನುಷ್ಯನೊಬ್ಬನ ಕಾರಿನಲ್ಲಿ ಸಣ್ಣ ಚೀಲ ಸಿಗುತ್ತದೆ, ಅದರೊಳಗೆ ಬೆರಳಿನ ಮೂಳೆ. ಅವನ ಹೆಸರು ಕೇಳಿದರೇ ಮಾಟೆಕೋನಿ ನಡುಗುತ್ತಾನೆ. ಮ್ಮಾ ರಾಮೋತ್ಸ್ವೆ ಅವನನ್ನು ಪೊಲೀಸರ ಮುಂದೆ ನಿಲ್ಲಿಸುವುದಿಲ್ಲ. ಉಪಾಯದಿಂದ ಮಾತಾಡಿಸಿ, ಚೀಲ ಎಲ್ಲಿಂದ ಬಂತೆಂದು ತಿಳಿದುಕೊಳ್ಳುತ್ತಾಳೆ. ಕೊನೆಗೆ ಹುಡುಗ ದೂರದ ದನದ ಹಟ್ಟಿಯೊಂದರಲ್ಲಿ ಜೀವಂತ ಸಿಗುತ್ತಾನೆ. ಅವಳು ಅವನನ್ನು ಮನೆಗೆ ಕರೆತರುತ್ತಾಳೆ.

“ಆ ದೊಡ್ಡ ಮನುಷ್ಯ ಏನಾದ?” ಎಂದು ಕಿರಿಯವಳು ಕೇಳಿದಳು. ಏನೂ ಆಗಲಿಲ್ಲ.

ಅವಳು ಓದಿಕೊಂಡು ಬಂದಿದ್ದಳು. ಮ್ಮಾ ರಾಮೋತ್ಸ್ವೆಯ ಹುಟ್ಟೂರು ಮೊಚುಡಿ. ಅದು ನಿಜವಾದ ಊರು. 1994ರಲ್ಲಿ ಅಲ್ಲಿ ಹದಿನಾಲ್ಕು ವರ್ಷದ ಶಾಲಾ ಹುಡುಗಿಯೊಬ್ಬಳ ಕೊಲೆಯಾಯಿತು. ಮುಟಿಗಾಗಿಯೇ ಕೊಂದರು, ಊರಿನ ಪ್ರತಿಷ್ಠಿತರ ಕೈ ಇದರಲ್ಲಿದೆ ಎಂದು ಜನ ನಂಬಿದರು. ಮರುವರ್ಷ ವಿದ್ಯಾರ್ಥಿಗಳು ಬೀದಿಗಿಳಿದರು. ಶಾಂತ ದೇಶವೆಂದು ಹೆಸರಾದ ಬೋಟ್ಸ್ವಾನಾ ಕಂಡರಿಯದ ಗಲಭೆಗಳಾದವು. ತನಿಖೆಗೆ ಬ್ರಿಟನ್ನಿನ ಸ್ಕಾಟ್ಲೆಂಡ್ ಯಾರ್ಡ್‌ನವರನ್ನೂ ಕರೆಸಬೇಕಾಯಿತು. ಈ ಕಾದಂಬರಿ ಬಂದದ್ದು ಅದಾಗಿ ನಾಲ್ಕೇ ವರ್ಷಕ್ಕೆ.

ಅದೇ ಮೊಚುಡಿಯಲ್ಲಿ ಹುಟ್ಟಿದ ಇನ್ನೊಬ್ಬ ಬರಹಗಾರ್ತಿ ಇದ್ದಾರೆ: ಯೂನಿಟಿ ಡೌ. ಪರದೇಶದವನನ್ನು ಮದುವೆಯಾದ ಹೆಂಗಸಿನ ಮಕ್ಕಳಿಗೆ ಪೌರತ್ವ ಇಲ್ಲ ಎನ್ನುವ ಕಾನೂನನ್ನು ಕೋರ್ಟಿನಲ್ಲಿ ಪ್ರಶ್ನಿಸಿ 1992ರಲ್ಲಿ ಗೆದ್ದವರು. ಮುಂದೆ ಆ ದೇಶದ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶರಾದವರು. ಅವರ ‘ದ ಸ್ಕ್ರೀಮಿಂಗ್ ಆಫ್ ದ ಇನೊಸೆಂಟ್’ ಕಾದಂಬರಿಯಲ್ಲೂ ಒಂದು ಮಗು ಕಾಣೆಯಾಗುತ್ತದೆ, ಹುಡುಗಿ. ಅಲ್ಲಿ ಅಪರಾಧಿಗಳು ಕತ್ತಲಲ್ಲಿ ಅಡಗಿದವರಲ್ಲ. ಹೆಂಡತಿ ಮಕ್ಕಳನ್ನು ಪ್ರೀತಿಸುವ, ಊರಲ್ಲಿ ಹೆಸರಿರುವ ಗಂಡಸರು. ವರ್ಷಗಳ ಮೇಲೆ ಆಸ್ಪತ್ರೆಯ ಉಗ್ರಾಣದಲ್ಲಿ ಆ ಮಗುವಿನ ಬಟ್ಟೆಯ ಪೆಟ್ಟಿಗೆ ಸಿಕ್ಕುತ್ತದೆ. ಮಗು ವಾಪಸು ಬರುವುದಿಲ್ಲ. ಅಲ್ಲಿ ಯಾರೂ ಬೆಚ್ಚಗೆ ಕೂತು ಟೀ ಕುಡಿಯುವುದಿಲ್ಲ.

“ಸತ್ತ ಹುಡುಗಿಯನ್ನು ಬದುಕಿರುವ ಹುಡುಗನಾಗಿ ಮಾಡಿ, ನಮಗೆ ಸಮಾಧಾನ ಮಾರಿದ್ದಾರೆ. ದೊಡ್ಡ ಮನುಷ್ಯನನ್ನು ಮುಟ್ಟದೆ ಬಿಟ್ಟಿದ್ದಾರೆ” ಎಂದಳು ಕಿರಿಯವಳು. ಯಾರೂ ಮಾತಾಡಲಿಲ್ಲ. ನನಗೂ ಆಗ ಉತ್ತರ ಇರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಬೇರೆಯದೇ ಮಾತು ತೆಗೆದರು. ಮುಂದಿನ ಪುಸ್ತಕಗಳಲ್ಲಿ ಮ್ಮಾ ಮಕೂಟ್ಸಿಯ ತಮ್ಮನೊಬ್ಬ ಬರುತ್ತಾನೆ. ಕಾಯಿಲೆ ಬಿದ್ದು, ಅಕ್ಕನ ಪುಟ್ಟ ಕೋಣೆಯಲ್ಲಿ ಮಲಗಿ, ಕೊನೆಗೆ ಸಾಯುತ್ತಾನೆ. ಕಾಯಿಲೆಯ ಹೆಸರನ್ನು ಯಾರೂ ಹೇಳುವುದಿಲ್ಲ. ಪುಸ್ತಕಗಳು ಬಂದ ಹೊತ್ತಿನಲ್ಲಿ, ವಿಶ್ವಸಂಸ್ಥೆಯ ಅಂದಾಜಿನಂತೆ, ಬೋಟ್ಸ್ವಾನಾದ ವಯಸ್ಕರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನರಿಗೆ ಎಚ್‌ಐವಿ ಇತ್ತು. ಎಲ್ಲರಿಗೂ ಉಚಿತ ಔಷಧಿ ಕೊಡುವ ಸರ್ಕಾರಿ ಯೋಜನೆ ಶುರುವಾದದ್ದು 2002ರಲ್ಲಿ. ಪ್ರತಿ ಮನೆಯಲ್ಲೂ ಸಾವಿದ್ದ ದೇಶದ ಕತೆಯಲ್ಲಿ ಅದರ ಹೆಸರೇ ಇಲ್ಲ ಎಂದು ವಿಮರ್ಶಕರು ಆಕ್ಷೇಪಿಸಿದ್ದೂ ಇದೆ.

“ನಮ್ಮ ವಾರ್ಡಿನಲ್ಲೂ ಯಾರೂ ಹೆಸರು ಹೇಳುತ್ತಿರಲಿಲ್ಲ” ಎಂದರು ಅಕ್ಕ. “ಕೇಸ್ ಶೀಟಿನಲ್ಲಿ ಇರುತ್ತಿತ್ತು, ನಮಗೆ ಗೊತ್ತಿರುತ್ತಿತ್ತು, ಮನೆಯವರಿಗೂ ಗೊತ್ತಿರುತ್ತಿತ್ತು. ಜ್ವರ ಅನ್ನೋರು, ಎದೆನೋವು ಅನ್ನೋರು. ಆ ಹುಡುಗ ಮಲಗಿರೋದು ಓದಿದ ಕೂಡಲೇ ನನಗೆ ಗೊತ್ತಾಯಿತು. ಹೆಸರು ಬೇಕಾಗಲಿಲ್ಲ. ನೀನು ಹೇಳೋದು ಸರಿ ಮಗಾ, ಆ ಇನ್ನೊಂದು ಪುಸ್ತಕ ಬರೆದ ಹೆಂಗಸು ನಿಜ ಹೇಳಿದ್ದಾರೆ. ಆದರೆ ನಾನು ಮೂವತ್ತು ವರ್ಷ ನಿಜವನ್ನೇ ನೋಡಿದೀನಿ. ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದು ಇಂಥದ್ದು ಓದುತ್ತಿದ್ದೆ. ಒಂದು ಪುಸ್ತಕದಲ್ಲಾದರೂ ಮಗು ಮನೆಗೆ ಬರಲಿ ಅಂತ.”

ಸಮಾಧಾನ ಕೊಡುವ ಪುಸ್ತಕಗಳನ್ನು ಲಘುವಾಗಿ ಕಾಣುವುದು ನಮಗೆ ಸುಲಭ. ಅವನ್ನು ಓದುವವರು ವಾಸ್ತವದಿಂದ ತಪ್ಪಿಸಿಕೊಳ್ಳುವವರು ಎನ್ನುತ್ತೇವೆ. ವಾಸ್ತವವನ್ನು ದಿನದ ಎಂಟು ಗಂಟೆ ಕೈಯಾರೆ ಮುಟ್ಟಿ ತೊಳೆದು ಬಂದವರೂ ಅವನ್ನೇ ಓದುತ್ತಾರೆ ಎನ್ನುವುದು ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ.

ಹಾಗೆಂದು ಕಿರಿಯವಳ ಪ್ರಶ್ನೆ ಕರಗಿಹೋಗುವುದಿಲ್ಲ. ಮನೆಗೆ ಬಂದು ಮತ್ತೆ ಆ ಭಾಗ ಓದಿದೆ. ಗಣಿಯ ಧೂಳು, ಗಂಡನ ಹೊಡೆತ, ಐದು ದಿನದ ಮಗು, ಹೆಸರಿಲ್ಲದ ಕಾಯಿಲೆ ಇವನ್ನೆಲ್ಲ ಈ ಪುಸ್ತಕಗಳು ಮುಚ್ಚಿಡುವುದಿಲ್ಲ. ತಗ್ಗಿದ ದನಿಯಲ್ಲಿ ಹೇಳುತ್ತವೆ. ಆ ತಗ್ಗಿದ ದನಿ ನನಗೆ ಪ್ರಾಮಾಣಿಕ ಅನ್ನಿಸುತ್ತದೆ. ನೊಂದವರ ಗುಟ್ಟನ್ನು ಕಾಪಾಡುವುದು ದಯೆ. ಮಾಂಸದಂಗಡಿಯವನಿಗೆ ಅರ್ಧ ಸತ್ಯ ಹೇಳಿದ್ದು, ಸಾಯುತ್ತಿರುವ ತಮ್ಮನ ಕಾಯಿಲೆಗೆ ಹೆಸರಿಡದೇ ಇದ್ದದ್ದು ಆ ಬಗೆಯದು. ಬೆರಳಿನ ಮೂಳೆ ಇಟ್ಟುಕೊಂಡವನ ಗುಟ್ಟನ್ನೂ ಅದೇ ನಯದಿಂದ ಕಾಪಾಡಿದರೆ ಅದು ದಯೆಯಲ್ಲ, ಭಯ. ಪುಸ್ತಕ ಇವೆರಡರ ನಡುವಿನ ಗೆರೆಯನ್ನು ಅಳಿಸಿಬಿಟ್ಟಿದೆ. ಮಾಟೆಕೋನಿ ನಡುಗಿದ್ದನ್ನು ಲೇಖಕರು ಬರೆದಿದ್ದಾರೆ. ಆ ನಡುಕ ಹುಡುಗ ಸಿಕ್ಕಿದ ಮೇಲೂ ಉಳಿಯಬೇಕಿತ್ತು. ಅಷ್ಟು ಉಳಿಸಿದ್ದರೆ ಸಾಕಿತ್ತು, ಟೀ ಆರಿಹೋಗುತ್ತಿರಲಿಲ್ಲ.

ಮುಂದಿನ ತಿಂಗಳಿಗೆ ಯಾವ ಪುಸ್ತಕ ಎಂದು ಕೇಳಿದಾಗ ಅಕ್ಕನೇ ಯೂನಿಟಿ ಡೌ ಹೆಸರು ಹೇಳಿದರು. ಕಿರಿಯವಳು ಹೊರಡುವಾಗ ಮ್ಮಾ ರಾಮೋತ್ಸ್ವೆಯ ಎರಡನೇ ಪುಸ್ತಕವನ್ನು ಅಕ್ಕನ ಕಪಾಟಿನಿಂದ ಕೇಳಿ ತೆಗೆದುಕೊಂಡಳು. “ಸಿಟ್ಟು ಬಂತು ಅಂದೆಯಲ್ಲ?” ಎಂದರೆ, “ಬಂತು. ಆದರೆ ಆ ಮೆಕ್ಯಾನಿಕ್ ಮದುವೆ ಏನಾಯಿತು ಅಂತ ಗೊತ್ತಾಗಬೇಕಲ್ಲ” ಎಂದಳು.

ಇನ್ನೂ ನಾಲ್ಕು ಪುಸ್ತಕ ಕಾಯಬೇಕು ಎಂದು ನಾವು ಯಾರೂ ಹೇಳಲಿಲ್ಲ.